ಆಟಿಸಂ ಇರುವ ಮಗು ಕ್ಲಾಸಿನಲ್ಲಿದೆ, ಮೇಷ್ಟ್ರಿಗೆ ಕಲಿಸೋರು ಯಾರು? ತರಗತಿಯಲ್ಲೇ ನಡೆಯುವ 'ಕೋಚಿಂಗ್' ಬಗ್ಗೆ ಇಲ್ಲಿದೆ ಪೂರ್ತಿ ಮಾಹಿತಿ

ದಾಖಲಾತಿ ಆಗಿದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ. ಯೂನಿಫಾರಂ, ಪುಸ್ತಕ, ಬಿಸಿಯೂಟ ಎಲ್ಲಾ ಸಿಗುತ್ತೆ. ಆದ್ರೆ ಪಾಠ?

ಆಟಿಸಂ ಇರುವ ಮಕ್ಕಳ ವಿಚಾರದಲ್ಲಿ ಬಹಳಷ್ಟು ಶಾಲೆಗಳ ಕಥೆ ಇಲ್ಲಿಗೆ ಬಂದು ನಿಲ್ಲುತ್ತೆ. ಮಗು ಹಿಂದಿನ ಸಾಲಿನಲ್ಲಿ ಕೂತಿರುತ್ತೆ, ಇಲ್ಲಾ ಬಾಗಿಲ ಹತ್ತಿರ ಓಡಾಡ್ತಿರುತ್ತೆ. ಜೋರಾಗಿ ಕಿರುಚಿದರೆ ಮನೆಗೆ ಫೋನ್ ಹೋಗುತ್ತೆ. ಸ್ವಲ್ಪ ದಿನ ಆದ ಮೇಲೆ ತಾಯಿ ತಾನಾಗಿಯೇ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾಳೆ. ಯಾರೂ ಶಾಲೆ ಬಿಡಿಸಿಲ್ಲ, ಆದರೂ ಮಗು ಶಾಲೆಯಲ್ಲಿ ಇಲ್ಲ.

ಇದಕ್ಕೆ ಮೇಷ್ಟ್ರನ್ನೋ ಮಿಸ್ಸನ್ನೋ ಬೈದು ಪ್ರಯೋಜನ ಇಲ್ಲ. ಇಂಥ ಮಗುವಿಗೆ ಹೇಗೆ ಕಲಿಸಬೇಕು ಅಂತ ಅವರಿಗೆ ಯಾರೂ ಕೈ ಹಿಡಿದು ತೋರಿಸಿರುವುದಿಲ್ಲ. ವರ್ಷಕ್ಕೊಮ್ಮೆ ಹಾಲ್‌ನಲ್ಲಿ ಕೂರಿಸಿ ಕೊಡುವ ತರಬೇತಿಯಿಂದ ಈ ಕೆಲಸ ಆಗಲ್ಲ. ಕಲಿಸಿಕೊಡುವವರು ತರಗತಿಗೇ ಬಂದು, ಶಿಕ್ಷಕರ ಪಕ್ಕದಲ್ಲಿ ಕೂತು, ಅದೇ ಮಗುವಿನ ಜೊತೆ ಮಾಡಿ ತೋರಿಸಿ, ಮಾಡಿಸಿ, ತಿದ್ದಬೇಕು. ಇದಕ್ಕೆ 'ಕೋಚಿಂಗ್' ಅಂತಾರೆ. ಟ್ಯೂಷನ್ ಕೋಚಿಂಗ್ ಅಲ್ಲ, ಕ್ರಿಕೆಟ್ ಕೋಚ್ ನೆಟ್ಸ್ ಪಕ್ಕ ನಿಂತು ಹೇಳಿಕೊಡ್ತಾರಲ್ಲ, ಆ ಥರದ್ದು.

ಆಟಿಸಂ ಅಂದ್ರೆ ಏನು?

ಆಟಿಸಂ ರೋಗವಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಕನ್ನಡದಲ್ಲಿ 'ಸ್ವಲೀನತೆ' ಅಂತಲೂ ಕರೀತಾರೆ. ಮಾತು, ಬೇರೆಯವರ ಜೊತೆ ಬೆರೆಯುವುದು, ಮುಖಭಾವ ಓದುವುದು ಈ ಮಕ್ಕಳಿಗೆ ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಬದಲಾದರೆ ಗಾಬರಿ ಆಗುವುದು, ಮಿಕ್ಸಿ ಸದ್ದು, ಪಟಾಕಿ, ಜೋರು ಲೈಟು ತಡೆದುಕೊಳ್ಳಲು ಆಗದೇ ಇರುವುದು ಸಾಮಾನ್ಯ. ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಬ್ಬ ಹುಡುಗ ಒಂದು ಪದವನ್ನೂ ಆಡದಿರಬಹುದು, ಇನ್ನೊಬ್ಬ ಬಸ್ಸುಗಳ ಟೈಮ್ ಟೇಬಲ್ ಪೂರ್ತಿ ಬಾಯಿಪಾಠ ಹೇಳಬಹುದು.

ತಾಯಿ ಸರಿಯಾಗಿ ನೋಡಿಕೊಳ್ಳದ್ದರಿಂದ ಬಂತು, ಲಸಿಕೆ ಹಾಕಿಸಿದ್ದರಿಂದ ಬಂತು ಅನ್ನೋದೆಲ್ಲಾ ಸುಳ್ಳು. ಪೂರ್ತಿ ವಾಸಿ ಮಾಡ್ತೀವಿ ಅಂತ ಔಷಧಿ ಮಾರುವವರನ್ನೂ ನಂಬಬೇಡಿ. ಈ ಮಕ್ಕಳಿಗೆ ಬೇಕಿರುವುದು ಅವರಿಗೆ ಹೊಂದುವ ರೀತಿಯಲ್ಲಿ ಕಲಿಸುವುದು.

ಕಾನೂನೂ ಅದನ್ನೇ ಹೇಳುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳ ಪಟ್ಟಿ ಇದೆ. ಅದರಲ್ಲಿ ಆಟಿಸಂ ಕೂಡ ಒಂದು. ಮಗುವನ್ನು ತಾರತಮ್ಯ ಇಲ್ಲದೆ ಸೇರಿಸಿಕೊಂಡು, ಅಗತ್ಯ ಇರುವ ಬೆಂಬಲ ಕೊಟ್ಟು ಕಲಿಸುವುದು ಶಾಲೆಗಳ ಹೊಣೆ.

ವರ್ತನೆ ಆಧಾರಿತ ಬೋಧನೆ: ಮೂರು ಪ್ರಶ್ನೆ ಸಾಕು

ಈ ಬೋಧನೆಯ ಬೇರು ವರ್ತನಾ ವಿಜ್ಞಾನದಲ್ಲಿದೆ. ಕೇಳೋಕೆ ದೊಡ್ಡ ಮಾತು ಅನಿಸಿದರೂ ಒಳಗಿರುವ ವಿಷಯ ಸರಳ. ಮಗು ಏನೋ ಒಂದು ಮಾಡಿತು ಅಂದ್ರೆ ಮೂರು ಪ್ರಶ್ನೆ ಕೇಳಬೇಕು. ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು? ಮಗು ಏನು ಮಾಡಿತು? ಆಮೇಲೆ ಅದಕ್ಕೆ ಏನು ಸಿಕ್ಕಿತು?

ಒಂದು ಉದಾಹರಣೆ ನೋಡೋಣ. ಎರಡನೇ ಕ್ಲಾಸಿನ ಹುಡುಗ. ಮಿಸ್ 'ಬರಿ' ಅಂದ ತಕ್ಷಣ ಸ್ಲೇಟು ಎಸೀತಾನೆ. ಮಿಸ್ ಬೈದು ಹೊರಗೆ ನಿಲ್ಲಿಸ್ತಾರೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮಿಸ್ ದೃಷ್ಟಿಯಲ್ಲಿ ಹೊರಗೆ ನಿಲ್ಲಿಸಿದ್ದು ಶಿಕ್ಷೆ. ಹುಡುಗನ ದೃಷ್ಟಿಯಲ್ಲಿ? ಬರೆಯುವ ಕಷ್ಟ ತಪ್ಪಿತು. ಅಂದ್ರೆ ಸ್ಲೇಟು ಎಸೆದರೆ ಬಿಡುಗಡೆ ಸಿಗುತ್ತೆ ಅಂತ ಶಾಲೆಯೇ ಅವನಿಗೆ ದಿನಾ ಪಾಠ ಮಾಡ್ತಾ ಇದೆ.

ಮಗುವಿನ ಗಲಾಟೆಗೆ ಸಾಮಾನ್ಯವಾಗಿ ನಾಲ್ಕು ಕಾರಣ ಇರುತ್ತೆ. ಯಾರಾದರೂ ಗಮನಿಸಲಿ ಅಂತ. ಏನೋ ಒಂದು ವಸ್ತು ಬೇಕು ಅಂತ. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳೋಕೆ. ಇಲ್ಲಾ ಆ ಕ್ರಿಯೆಯೇ ದೇಹಕ್ಕೆ ಹಿತ ಅನಿಸುತ್ತೆ ಅಂತ. ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಸ್ಲೇಟಿನ ಹುಡುಗನಿಗೆ ಏನು ಮಾಡಬಹುದು? ಇಡೀ ಸಾಲು ಬರೆಸುವ ಬದಲು ಒಂದೇ ಅಕ್ಷರ ಕೊಡಬಹುದು. 'ಸಾಕು, ಸ್ವಲ್ಪ ಹೊತ್ತು ಬಿಡಿ' ಅನ್ನುವ ಅರ್ಥದ ಒಂದು ಚಿತ್ರದ ಕಾರ್ಡ್ ಕೈಗೆ ಕೊಟ್ಟು, ಅದನ್ನು ತೋರಿಸಿದರೆ ಎರಡು ನಿಮಿಷ ಬಿಡುವು ಕೊಡಬಹುದು. ಆಗ ಎಸೆಯುವ ಅಗತ್ಯವೇ ಇರಲ್ಲ. ಅದೇ ಬಿಡುವು, ಆದರೆ ಕೇಳಿ ಪಡೆದದ್ದು.

ಇದರ ಜೊತೆ ಇನ್ನೂ ಕೆಲವು ವಿಧಾನ ಇವೆ:

- ಕೆಲಸವನ್ನು ಚೂರು ಮಾಡುವುದು: 'ಕೈ ತೊಳ್ಕೊಂಡು ಬಾ' ಅನ್ನೋದು ಒಂದು ಕೆಲಸ ಅಲ್ಲ. ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳಿ, ನಲ್ಲಿ ನಿಲ್ಲಿಸು, ಒರೆಸು. ಒಟ್ಟು ಏಳು ಕೆಲಸ. ಒಂದೊಂದಾಗಿ ಕಲಿಸಬೇಕು.
- ಸಹಾಯ ಕೊಟ್ಟು, ನಿಧಾನಕ್ಕೆ ತೆಗೆಯುವುದು: ಮೊದಲು ಕೈ ಹಿಡಿದು, ಆಮೇಲೆ ಬೆರಳು ತೋರಿಸಿ, ಆಮೇಲೆ ಬರೀ ಕಣ್ಣಲ್ಲಿ. ಕೊನೆಗೆ ಏನೂ ಬೇಡ.
- ಕಾಯುವುದು: ಒಂದು ಮಾತು ಹೇಳಿದ ಮೇಲೆ ಐದಾರು ಸೆಕೆಂಡ್ ಸುಮ್ಮನಿರುವುದು. ಇದೇ ಎಲ್ಲರಿಗೂ ಕಷ್ಟ.
- ಸರಿ ಮಾಡಿದ ತಕ್ಷಣ ಮೆಚ್ಚುಗೆ: ಸಂಜೆಯಲ್ಲ, ಆ ಕ್ಷಣದಲ್ಲೇ. ಮೆಚ್ಚುಗೆ ಅಂದ್ರೆ ಆ ಮಗುವಿಗೆ ಇಷ್ಟ ಆಗುವಂಥದ್ದು. ಒಬ್ಬನಿಗೆ ಚಪ್ಪಾಳೆ ಖುಷಿ, ಇನ್ನೊಬ್ಬನಿಗೆ ಚಪ್ಪಾಳೆ ಸದ್ದೇ ಹಿಂಸೆ.
- ಗುರುತು ಹಾಕುವುದು: ಇವತ್ತು ಹತ್ತು ಸಲದಲ್ಲಿ ಎಷ್ಟು ಸಲ ತಾನಾಗಿ ಮಾಡಿದ ಅಂತ ಟಿಕ್ ಹಾಕಿಟ್ಟರೆ, ಕಲಿಕೆ ಆಗ್ತಿದೆಯಾ ಇಲ್ವಾ ಅನ್ನೋದು ಊಹೆ ಆಗಿ ಉಳಿಯಲ್ಲ.

ಮಾತು ಬಾರದ ಮಕ್ಕಳಿಗೆ ಚಿತ್ರದ ಕಾರ್ಡ್ ಕೊಟ್ಟು ಬೇಕಾದ್ದನ್ನು ಕೇಳಲು ಕಲಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ರಟ್ಟಿನ ತುಂಡು, ಒಂದು ಚಿತ್ರ, ಸ್ವಲ್ಪ ಗೋಂದು ಇದ್ದರೆ ಇಂಥ ಕಾರ್ಡ್ ರೆಡಿ. ನಲಿ-ಕಲಿ ಕಾರ್ಡ್‌ಗಳ ಅಭ್ಯಾಸ ಇರುವ ಶಿಕ್ಷಕರಿಗೆ ಇದು ಹೊಸದೇನೂ ಅನಿಸಲ್ಲ.

ಒಂದು ದಿನದ ತರಬೇತಿ ಯಾಕೆ ಸಾಲಲ್ಲ?

ಮೇಲಿನದನ್ನೆಲ್ಲಾ ಓದಿದರೆ 'ಇಷ್ಟೇನಾ' ಅನಿಸುತ್ತೆ. ತರಬೇತಿಗೆ ಹೋದ ಶಿಕ್ಷಕರಿಗೂ ಹಾಗೇ ಅನಿಸುತ್ತೆ. ಪಿಪಿಟಿ ನೋಡ್ತಾರೆ, ನೋಟ್ಸ್ ಬರೀತಾರೆ, ಟೀ ಕುಡಿದು ವಾಪಸ್ ಬರ್ತಾರೆ. ಸೋಮವಾರ ಕ್ಲಾಸಿಗೆ ಹೋದಾಗ ಉಳಿದ ಮೂವತ್ತು ಮಕ್ಕಳ ಮಧ್ಯೆ ಈ ಮಗು ಸ್ಲೇಟು ಎಸೆಯುತ್ತೆ. ಆಗ ನೋಟ್ಸ್ ನೆನಪಾಗಲ್ಲ. ಬಾಯಿಗೆ ಬರುವುದು ಹಳೇ ಮಾತೇ: 'ಏಯ್, ಹೊರಗೆ ಹೋಗು'.

ಸೈಕಲ್ ಹೊಡೆಯೋದು ಹೇಗೆ ಅಂತ ಭಾಷಣ ಕೇಳಿದರೆ ಸೈಕಲ್ ಬರುತ್ತಾ? ಇದೂ ಹಾಗೇ. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ಸುಮಾರಿನಲ್ಲೇ ಶಿಕ್ಷಕರ ತರಬೇತಿಯನ್ನು ಐದು ಭಾಗ ಮಾಡಿ ನೋಡಿದರು: ವಿವರಣೆ, ಪ್ರಾತ್ಯಕ್ಷಿಕೆ, ಅಭ್ಯಾಸ, ತಿದ್ದುವುದು ಮತ್ತು ತರಗತಿಯಲ್ಲೇ ಕೋಚಿಂಗ್. ಮೊದಲ ನಾಲ್ಕರಿಂದ ವಿಷಯ ತಲೆಗೆ ಹೋಗಬಹುದು. ದಿನದಿನದ ತರಗತಿಯಲ್ಲಿ ಅದು ಬಳಕೆಗೆ ಬರಬೇಕಾದರೆ ಐದನೆಯದು ಬೇಕು ಅನ್ನೋದು ಅವರ ವಾದ.

ಇನ್ನೂ ಒಂದು ಕಾರಣ ಇದೆ, ಇದು ಮುಖ್ಯ. ಹೊಸ ವಿಧಾನ ಶುರು ಮಾಡಿದ ಮೊದಲ ದಿನಗಳಲ್ಲಿ ಮಗುವಿನ ಗಲಾಟೆ ಕಮ್ಮಿ ಆಗುವ ಬದಲು ಜಾಸ್ತಿ ಆಗಬಹುದು. ಇಷ್ಟು ದಿನ ಎಸೆದರೆ ಬಿಡುಗಡೆ ಸಿಗ್ತಿತ್ತು, ಈಗ ಸಿಗ್ತಿಲ್ಲ, ಹಾಗಾಗಿ ಇನ್ನೂ ಜೋರಾಗಿ ಎಸೆಯುತ್ತೆ. ಲೈಟ್ ಸ್ವಿಚ್ ಕೆಲಸ ಮಾಡದಿದ್ದರೆ ನಾವೂ ನಾಲ್ಕು ಸಲ ಒತ್ತಿ ನೋಡಲ್ವಾ, ಹಾಗೆ. ಒಬ್ಬಂಟಿ ಶಿಕ್ಷಕರು ಇದನ್ನು ನೋಡಿ 'ಈ ವಿಧಾನ ನಮ್ಮ ಮಗುವಿಗೆ ಆಗಲ್ಲ' ಅಂತ ಕೈಬಿಡ್ತಾರೆ. ಪಕ್ಕದಲ್ಲಿ ಅನುಭವಿ ಇದ್ದರೆ 'ಇದು ಸಹಜ, ಇನ್ನೊಂದು ವಾರ ನೋಡಿ' ಅಂತ ಹೇಳ್ತಾರೆ. ಇಲ್ಲಾ 'ಕೆಲಸ ತುಂಬಾ ಕಷ್ಟ ಕೊಟ್ಟಿದ್ದೀರಿ, ಇನ್ನಷ್ಟು ಸುಲಭ ಮಾಡಿ' ಅಂತ ತಿದ್ದುತ್ತಾರೆ. ಪಿಪಿಟಿಯಿಂದ ಈ ಕೆಲಸ ಆಗಲ್ಲ.

ಕೋಚಿಂಗ್ ಹೇಗೆ ನಡೆಯುತ್ತೆ?

ಹಂತ ಹಂತವಾಗಿ ಹೀಗೆ:

1. ಮೊದಲ ಸಭೆ. ಪೋಷಕರು, ಕ್ಲಾಸ್ ಟೀಚರ್, ಕೋಚ್ ಒಟ್ಟಿಗೆ ಕೂರ್ತಾರೆ. ಮಗುವಿಗೆ ಈ ವರ್ಷ ಏನು ಕಲಿಸಬೇಕು ಅಂತ ಎರಡು ಮೂರು ಗುರಿ ಮಾತ್ರ ಆರಿಸ್ತಾರೆ. 'ಸುಧಾರಿಸಬೇಕು' ಅನ್ನೋದು ಗುರಿ ಅಲ್ಲ. 'ನೀರು ಬೇಕಾದಾಗ ಕಾರ್ಡ್ ತೋರಿಸಿ ಕೇಳಬೇಕು' ಅನ್ನೋದು ಗುರಿ.

2. ಸುಮ್ಮನೆ ನೋಡುವುದು. ಕೋಚ್ ಒಂದು ಅವಧಿ ಹಿಂದೆ ಕೂತು ಗಮನಿಸ್ತಾರೆ. ಮಗುವನ್ನಷ್ಟೇ ಅಲ್ಲ, ಶಿಕ್ಷಕರನ್ನೂ.

3. ಮಾಡಿ ತೋರಿಸುವುದು. ಅದೇ ತರಗತಿ, ಅದೇ ಮಗು, ಐದು ನಿಮಿಷ. ಶಿಕ್ಷಕರು ನೋಡ್ತಾರೆ.

4. ಮಾಡಿಸುವುದು. ಈಗ ಶಿಕ್ಷಕರ ಸರದಿ. ಕೋಚ್ ಕೈಯಲ್ಲಿ ಒಂದು ಚೆಕ್‌ಲಿಸ್ಟ್ ಇರುತ್ತೆ. ಮಗುವಿನ ಗಮನ ಸೆಳೆದ ಮೇಲೆ ಸೂಚನೆ ಕೊಟ್ಟರಾ? ಒಂದೇ ಸಲ ಹೇಳಿದರಾ? ಕಾದರಾ? ಸರಿಯಾದ ತಕ್ಷಣ ಮೆಚ್ಚಿದರಾ? ಹೀಗೆ.

5. ತಿದ್ದುವುದು. ಅದೇ ದಿನ, ಹತ್ತು ನಿಮಿಷ. ಮೊದಲು ಚೆನ್ನಾಗಿ ಮಾಡಿದ್ದು. ಆಮೇಲೆ ಸರಿಪಡಿಸಬೇಕಾದ್ದು ಒಂದೇ ಒಂದು. ಹತ್ತು ತಪ್ಪು ಹೇಳಿದರೆ ಯಾರೂ ಹತ್ತನ್ನೂ ತಿದ್ದಿಕೊಳ್ಳಲ್ಲ.

6. ಮತ್ತೆ ಬರುವುದು. ಕೆಲವು ವಾರ ಬಿಟ್ಟು. ಟಿಕ್ ಹಾಕಿದ ಹಾಳೆ ನೋಡಿ ಮುಂದಿನದನ್ನು ನಿರ್ಧರಿಸುವುದು. ಶಿಕ್ಷಕರಿಗೆ ಕೈ ಕುದುರಿದ ಮೇಲೆ ಕೋಚ್ ಬರುವುದು ಕಮ್ಮಿ ಆಗುತ್ತೆ.

ಗಮನಿಸಿ ನೋಡಿದರೆ, ಮಗುವಿಗೆ ಕಲಿಸುವ ವಿಧಾನವನ್ನೇ ಇಲ್ಲಿ ಶಿಕ್ಷಕರಿಗೂ ಬಳಸಲಾಗುತ್ತೆ. ಚೂರು ಮಾಡಿ ಕಲಿಸು, ಸಹಾಯ ಕೊಡು, ಮೆಚ್ಚು, ನಿಧಾನಕ್ಕೆ ಕೈ ಬಿಡು.

ಒಂದು ಷರತ್ತು ಇದೆ. ಕೋಚಿಂಗ್ ಇನ್‌ಸ್ಪೆಕ್ಷನ್ ಆಗಬಾರದು. ಚೆಕ್‌ಲಿಸ್ಟ್‌ನಲ್ಲಿ ಬಂದ ಅಂಕ ಮೇಲಧಿಕಾರಿ ಟೇಬಲ್‌ಗೆ ಹೋಗುತ್ತೆ ಅಂತಾದರೆ, ಕೋಚ್ ಬಂದ ದಿನ ಮಾತ್ರ ಕ್ಲಾಸ್ ಚೆನ್ನಾಗಿ ನಡೆಯುತ್ತೆ.

ಇದರಿಂದ ಫಲ ಸಿಕ್ಕಿದೆಯಾ?

ಅಮೆರಿಕದಲ್ಲಿ ಲೀಸಾ ರೂಬಲ್ ಮತ್ತು ಸಂಗಡಿಗರು 'ಕಂಪಾಸ್' ಅನ್ನುವ ಮಾದರಿ ರೂಪಿಸಿದ್ದಾರೆ. ವರ್ಷದ ಶುರುವಿನಲ್ಲಿ ಪೋಷಕರು-ಶಿಕ್ಷಕರ ಜೊತೆ ಒಂದು ದೊಡ್ಡ ಸಭೆ, ಆಮೇಲೆ ವರ್ಷದಲ್ಲಿ ನಾಲ್ಕು ಸಲ ಕೋಚಿಂಗ್. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಎದುರಿಗೆ ಕೂತು ಕೋಚಿಂಗ್ ಪಡೆದ ಶಿಕ್ಷಕರ ಮಕ್ಕಳೂ, ಇಂಟರ್ನೆಟ್ ವಿಡಿಯೋ ಮೂಲಕ ಕೋಚಿಂಗ್ ಪಡೆದ ಶಿಕ್ಷಕರ ಮಕ್ಕಳೂ, ಕೋಚಿಂಗ್ ಇಲ್ಲದವರಿಗಿಂತ ತಮ್ಮ ಗುರಿಗಳಲ್ಲಿ ಮುಂದೆ ಬಂದಿದ್ದರು. ದೂರದ ಹಳ್ಳಿ ಶಾಲೆಗಳಿಗೆ ಈ ಎರಡನೇ ವಿಚಾರ ಬಹಳ ಮುಖ್ಯ.

ಹಾಗಂತ ಕೋಚಿಂಗ್ ಮಂತ್ರದಂಡ ಅಲ್ಲ. ಅದೇ 2013ರಲ್ಲಿ ಪ್ರಕಟವಾದ ಫಿಲಡೆಲ್ಫಿಯಾ ನಗರದ ಅಧ್ಯಯನ ನೋಡಿ. 33 ತರಗತಿ, 119 ಮಕ್ಕಳು. ಶಿಕ್ಷಕರಿಗೆ ತರಬೇತಿಯ ಜೊತೆ ಬೆಂಬಲವೂ ಇತ್ತು. ಆದರೂ ವರ್ತನೆ ಆಧಾರಿತ ಕಾರ್ಯಕ್ರಮ ನಡೆಸಿದ ತರಗತಿಗಳಲ್ಲಿ ವಿಧಾನವನ್ನು ಹೇಳಿದಂತೆ ಪಾಲಿಸಿದ್ದು ಸರಾಸರಿ ಶೇ. 57ರಷ್ಟು ಮಾತ್ರ. ಬೆಂಬಲ ಇದ್ದ ಕಡೆಯೇ ಹೀಗಾದರೆ, ಒಂದು ದಿನದ ತರಬೇತಿ ಕೊಟ್ಟು ಕೈ ತೊಳೆದುಕೊಂಡ ಕಡೆ ಏನು ನಿರೀಕ್ಷೆ ಮಾಡೋದು?

ತಾಲೂಕಿನಲ್ಲಿ ಈ ಕೆಲಸ ಯಾರದ್ದು?

ಕರ್ನಾಟಕದಲ್ಲಿ ಸಮಗ್ರ ಶಿಕ್ಷಣದ ಅಡಿ ತಾಲೂಕು ಸಂಪನ್ಮೂಲ ಕೇಂದ್ರ, ಅಂದ್ರೆ ಬಿಆರ್‌ಸಿ ಇದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇಲ್ಲಿ 'ಬಿಐಇಆರ್‌ಟಿ' ಅನ್ನುವ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಶಾಲೆಗಳಿಗೆ ಹೋಗುವುದು, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ನೋಡಿಕೊಳ್ಳುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕರೆಸುವುದು, ದಾಖಲೆ ಕೆಲಸ ಎಲ್ಲಾ ಇವರ ತಲೆ ಮೇಲೆ. ಕೋಚ್ ಆಗುವುದಕ್ಕೆ ಸರಿಯಾದ ಜನ ಇವರೇ. ಆದರೆ ಇಡೀ ತಾಲೂಕಿನ ಶಾಲೆಗಳನ್ನು ಬೆರಳೆಣಿಕೆ ಜನ ಸುತ್ತಬೇಕಾದರೆ, ಒಂದು ಶಾಲೆಗೆ ಮತ್ತೆ ಮತ್ತೆ ಹೋಗೋದು ಹೇಗೆ?

ಶಿಕ್ಷಕರ ಸಂಖ್ಯೆ ಬಗ್ಗೆ ನಿಯಮ ಇದೆ. ವಿಶೇಷ ಶಿಕ್ಷಕರ ಕೊರತೆ ವಿಚಾರ 2021ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಅದರ ನಂತರ 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಸಾಮಾನ್ಯ ಶಾಲೆಗಳಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಅಂತ ನಿಗದಿ ಮಾಡಿತು. ಇದು ಕಾಗದದ ಲೆಕ್ಕ. ತಾಲೂಕಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಹುದ್ದೆ ತುಂಬಿದೆ ಅಂತ ಬಿಇಒ ಕಚೇರಿಯಲ್ಲಿ ಯಾರು ಬೇಕಾದರೂ ಕೇಳಬಹುದು, ಮಾಹಿತಿ ಹಕ್ಕಿನಲ್ಲೂ ಪಡೆಯಬಹುದು.

ಇರುವ ಜನರಲ್ಲೇ ಮಾಡಬಹುದಾದ್ದೂ ಇದೆ. ಒಂದೇ ಸಲ ಎಲ್ಲಾ ಶಾಲೆ ಹಿಡಿಯುವ ಬದಲು ಒಂದು ಕ್ಲಸ್ಟರ್‌ನಲ್ಲಿ ನಾಲ್ಕೈದು ಶಾಲೆ ಆರಿಸಿ, ಪ್ರತಿ ತಿಂಗಳು ತಪ್ಪದೆ ಹೋಗುವುದು. ನಡುವೆ ಶಿಕ್ಷಕರು ಎರಡು ನಿಮಿಷದ ವಿಡಿಯೋ ಮಾಡಿ ಕಳಿಸಿದರೆ ಫೋನಿನಲ್ಲೇ ತಿದ್ದುವುದು. ಆದರೆ ವಿಡಿಯೋ ಮಾಡೋಕೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಶಾಲೆ ವಾಟ್ಸಾಪ್ ಗ್ರೂಪಿಗೆ, ಸ್ಟೇಟಸ್‌ಗೆ ಅದು ಹೋಗಲೇಬಾರದು.

ಒಬ್ಬರೇ ಶಿಕ್ಷಕರು ಐದು ಕ್ಲಾಸು ನೋಡುವ ಶಾಲೆಗಳಲ್ಲಿ ಇದೆಲ್ಲಾ ಪೂರ್ತಿ ಆಗಲ್ಲ, ನಿಜ. ಅಲ್ಲಿಯೂ ದಿನಕ್ಕೆ ಐದೈದು ನಿಮಿಷದಂತೆ ಎರಡು ಸಲ, ಒಂದೇ ಗುರಿ ಇಟ್ಟುಕೊಂಡು ಶುರು ಮಾಡಬಹುದು. ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವ ಹೊತ್ತು ಹೇಗೂ ಇದ್ದೇ ಇರುತ್ತೆ.

ಅಂಗಡಿಯವರಿಗೂ ಇದರಲ್ಲಿ ಪಾತ್ರ ಇದೆ

ಆಟಿಸಂ ಇರುವ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಕಷ್ಟ. ಕ್ಲಾಸಿನಲ್ಲಿ ಹತ್ತು ರೂಪಾಯಿ ಗುರುತಿಸುವ ಹುಡುಗ ಅಂಗಡಿ ಮುಂದೆ ನಿಂತಾಗ ಗುರುತಿಸದೇ ಇರಬಹುದು. ಹಾಗಾಗಿ ಶಾಲೆಯಲ್ಲಿ ಕಲಿಸಿದ್ದನ್ನು ಊರಿನಲ್ಲೂ ಅಭ್ಯಾಸ ಮಾಡಿಸಬೇಕು. ಕಿರಾಣಿ ಅಂಗಡಿ, ಬೇಕರಿ, ಕಟಿಂಗ್ ಶಾಪ್ ಎಲ್ಲವೂ ಇಂಥ ಮಕ್ಕಳ ತರಗತಿಯೇ.

ಮಗು ತಾಯಿ ಜೊತೆ ಬಂದು ಬಿಸ್ಕತ್ತಿನ ಚಿತ್ರ ತೋರಿಸಿದರೆ, ತಾಯಿ ಹತ್ತಿರ 'ಏನು ಬೇಕಂತೆ?' ಅಂತ ಕೇಳಬೇಡಿ. ಮಗುವಿನ ಹತ್ತಿರವೇ, ಚಿಕ್ಕ ಮಾತಿನಲ್ಲಿ ಕೇಳಿ. ಐದಾರು ಸೆಕೆಂಡ್ ಕಾಯಿರಿ. ಕಾರ್ಡ್ ಕೊಟ್ಟ ತಕ್ಷಣ ಬಿಸ್ಕತ್ತು ಕೊಡಿ. ಕಣ್ಣಿಗೆ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ. ರಶ್ ಇಲ್ಲದ ಹೊತ್ತು ಯಾವುದು ಅಂತ ಪೋಷಕರಿಗೆ ಹೇಳಿದರೆ ಅದೇ ದೊಡ್ಡ ಸಹಾಯ. ಕಿವಿ ಮುಚ್ಚಿಕೊಂಡು ಕೂಗಿದರೆ ಸುತ್ತ ಗುಂಪು ಕಟ್ಟುವುದು, ಮೊಬೈಲ್ ಹಿಡಿಯುವುದು ಮಾಡಬೇಡಿ. ಹಾಡಿನ ಸೌಂಡ್ ಕಮ್ಮಿ ಮಾಡಿ, ಅಷ್ಟೇ.

ಎಚ್ಚರ ಇರಬೇಕಾದ ವಿಷಯಗಳು

ವರ್ತನೆ ಆಧಾರಿತ ವಿಧಾನಗಳ ಇತಿಹಾಸದಲ್ಲಿ ಕಪ್ಪು ಪುಟಗಳೂ ಇವೆ. ಇದರಲ್ಲಿ ದೊಡ್ಡ ಹೆಸರು ಅಮೆರಿಕದ ಐವಾರ್ ಲೋವಾಸ್. 1987ರಲ್ಲಿ ಪ್ರಕಟವಾದ ಅವರ ಅಧ್ಯಯನ ಲೋಕಪ್ರಸಿದ್ಧಿ ಪಡೆಯಿತು. ಆದರೆ ಅವರ ಪದ್ಧತಿಯಲ್ಲಿ ಆಗ ಶಿಕ್ಷೆಯೂ ಸೇರಿತ್ತು. ಇಂಥ ತರಬೇತಿ ಪಡೆದು ದೊಡ್ಡವರಾದ ಆಟಿಸಂ ಇರುವ ಹಲವರು, ತಮ್ಮನ್ನು ಬೇರೆಯವರ ಥರ ಕಾಣುವಂತೆ ಬಲವಂತ ಮಾಡಲಾಯಿತು ಅಂತ ಬಹಿರಂಗವಾಗಿ ಹೇಳಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಹಾಗಾಗಿ ಗುರಿ ಆರಿಸುವಾಗಲೇ ಒಂದು ಪ್ರಶ್ನೆ ಕೇಳಬೇಕು: ಇದು ಮಗುವಿಗೆ ಉಪಯೋಗಕ್ಕಾ, ನೋಡುವವರ ಸಮಾಧಾನಕ್ಕಾ? ಕೈ ಅಲ್ಲಾಡಿಸುವುದು, ತೂಗಾಡುವುದು ಯಾರಿಗೂ ತೊಂದರೆ ಮಾಡದಿದ್ದರೆ ಅದನ್ನು ನಿಲ್ಲಿಸುವ ಅಗತ್ಯ ಇಲ್ಲ. ಅದರಿಂದ ಮಗುವಿಗೆ ಸಮಾಧಾನ ಸಿಗ್ತಿರುತ್ತೆ. ಊಟ, ನೀರು, ಶೌಚಕ್ಕೆ ಹೋಗುವುದನ್ನು ಬಹುಮಾನದಂತೆ ತಡೆಹಿಡಿಯುವುದು ತಪ್ಪು. ಹೊಡೆಯುವುದು, ಕಟ್ಟಿಹಾಕುವುದು ಯಾವ ವಿಧಾನವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ.

ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದರೆ ಮೊದಲು ಡಾಕ್ಟರ್ ಹತ್ತಿರ ತೋರಿಸಿ. ಹಲ್ಲುನೋವು, ಕಿವಿನೋವು ಇದ್ದು, ಹೇಳಲು ಮಾತು ಬಾರದೇ ಇರಬಹುದು.

ಪೋಷಕರು ಮೊದಲು ಏನು ಮಾಡಬೇಕು?

- ಅನುಮಾನ ಇದ್ದರೆ ಕಾಯಬೇಡಿ. ಸರ್ಕಾರಿ ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡ್ತಾರೆ.
- ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲೂಕಿನ ಎಂಆರ್‌ಡಬ್ಲ್ಯೂ ಸಹಾಯ ಮಾಡ್ತಾರೆ.
- ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ, ಆಟಿಸಂ ಇರುವವರಿಗೂ ಅನ್ವಯಿಸುತ್ತೆ.
- ಶಾಲೆಯಲ್ಲಿ 'ನಮ್ಮ ಮಗು ಹೇಗಿದೆ' ಅಂತ ಕೇಳಬೇಡಿ, 'ಚೆನ್ನಾಗಿದೆ' ಅಂತ ಉತ್ತರ ಬರುತ್ತೆ. ಹೀಗೆ ಕೇಳಿ: ಈ ತಿಂಗಳು ಮಗುವಿಗೆ ಇಟ್ಟಿರುವ ಗುರಿ ಯಾವುದು? ಟಿಕ್ ಹಾಕಿದ ಹಾಳೆ ಎಲ್ಲಿ? ಬಿಆರ್‌ಸಿಯಿಂದ ಕೊನೆಯ ಸಲ ಯಾರು, ಯಾವತ್ತು ಬಂದಿದ್ದರು? ಮತ್ತೆ ಯಾವಾಗ ಬರ್ತಾರೆ?
- ಎಸ್‌ಡಿಎಂಸಿ ಸಭೆಯಲ್ಲಿ ಇದೇ ಪ್ರಶ್ನೆ ಇಟ್ಟು, ನಡಾವಳಿಯಲ್ಲಿ ಬರೆಸಿ.

ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯ. ತರಬೇತಿ ಆಗಿದೆಯಾ ಅಂತ ಕೇಳಿದರೆ 'ಆಗಿದೆ' ಅಂತ ಸರ್ಟಿಫಿಕೇಟ್ ತೋರಿಸ್ತಾರೆ. ಮತ್ತೆ ಯಾವಾಗ ಬರ್ತಾರೆ ಅಂತ ಕೇಳಿದರೆ ಒಂದು ತಾರೀಖು ಹೇಳಬೇಕಾಗುತ್ತೆ. ಆ ತಾರೀಖನ್ನು ಬರೆದಿಟ್ಟುಕೊಂಡು ಅವತ್ತು ಶಾಲೆಗೆ ಹೋಗಿ ನೋಡಿ.